ಎಂಟು ವರ್ಷದ ಎಂಬಿಬಿಎಸ್

ನಮಸ್ಕಾರ ಕೇಳುಗರೇ. ನಮ್ಮ ಪಕ್ಕದ ಮನೆ ಹುಡುಗ ಈಗ ಸೆಕೆಂಡ್ ಪಿಯುಸಿ. ಫುಟ್‌ಬಾಲ್ ಚೆನ್ನಾಗಿ ಆಡುತ್ತಿದ್ದ. ಜೂನ್‌ನಿಂದ ಅವನ ಬೂಟು ಹಿತ್ತಲ ಬಾಗಿಲ ಪಕ್ಕ ಮೊಳೆಗೆ ನೇತಾಡುತ್ತಿದೆ, ಅಡಿಗೆ ಅಂಟಿದ ಮಣ್ಣು ಒಣಗಿ ಬಿರುಕು ಬಿಟ್ಟಿದೆ. ನೀಟ್ ಮುಗಿಯುವವರೆಗೆ ಮುಟ್ಟಬೇಡ ಅಂತ ಮನೆಯಲ್ಲಿ ಹೇಳಿದ್ದಾರೆ. ಆ ಬೂಟು ಕಂಡಾಗೆಲ್ಲ ನನಗೆ ಡಾಕ್ಟರ್ ತಾಲಿಮೆರೆನ್ ಆವೊ ನೆನಪಾಗುತ್ತಾರೆ.

ಆವೊ ಹುಟ್ಟಿದ್ದು 1918ರಲ್ಲಿ, ನಾಗಾ ಬೆಟ್ಟಗಳ ಚಾಂಗ್ಕಿ ಅನ್ನುವ ಹಳ್ಳಿಯಲ್ಲಿ. ಅಪ್ಪ ಪಾದ್ರಿ. 1935ರಲ್ಲಿ ಟೈಫಾಯ್ಡ್ ಬಂದು ತೀರಿಕೊಂಡರು. ನೀನು ಡಾಕ್ಟರ್ ಆಗಿ ನಮ್ಮ ಜನರನ್ನು ನೋಡಿಕೊಳ್ಳಬೇಕು ಅನ್ನೋದು ಅವರ ಕೊನೆಯ ಆಸೆಯಾಗಿತ್ತು. ಮಗನಿಗೆ ಚೆಂಡಿನ ಹುಚ್ಚು, ಅದನ್ನೂ ಬಿಡಲಿಲ್ಲ. 1942ರಲ್ಲಿ ಕಲ್ಕತ್ತೆಯ ಕಾರ್ಮೈಕೇಲ್ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಈಗಿನ ಆರ್.ಜಿ. ಕರ್ ಅದೇ. ಮರುವರ್ಷ ಅಲ್ಲಿನ ಫುಟ್‌ಬಾಲ್ ಕ್ಲಬ್ ಮೋಹನ್ ಬಾಗಾನ್ ಸೇರಿದರು, ಮುಂದೆ ಆ ತಂಡಕ್ಕೇ ಕ್ಯಾಪ್ಟನ್ ಆದರು.

1948ರ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಅದು. ಉದ್ಘಾಟನೆಯ ದಿನ ನಮ್ಮ ಬಾವುಟ ಹಿಡಿದು ನಡೆದವರು ಈ ಮೆಡಿಕಲ್ ಸ್ಟೂಡೆಂಟೇ! ಫುಟ್‌ಬಾಲ್ ತಂಡದ ನಾಯಕರೂ ಅವರೇ. ಜುಲೈ 31ಕ್ಕೆ ಫ್ರಾನ್ಸ್ ಜೊತೆ ಮ್ಯಾಚು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು, ನಮ್ಮ ಒಂದೇ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಮೈಸೂರು ಸೀಮೆಯ ಆಟಗಾರ. ಎರಡು ಪೆನಾಲ್ಟಿ ಸಿಕ್ಕಿದವು, ಎರಡೂ ಕೈಬಿಟ್ಟುಹೋದವು. ಇನ್ನೇನು ಆಟ ಮುಗಿಯಬೇಕು ಅನ್ನುವಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಲ್ಲಿ ಗೆದ್ದಿತು. ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ ನನಗೆ.

ಆಮೇಲೆ ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ಕ್ಲಬ್ ಆವೊ ಅವರನ್ನು ಅಲ್ಲೇ ಆಡಲು ಕರೆಯಿತು, ಓದು ಮುಗಿಸಬೇಕು ಅಂತ ಅವರು ಒಪ್ಪಲಿಲ್ಲ ಅಂತ ಹೇಳುತ್ತಾರೆ. ಜನ ಇದನ್ನು ತ್ಯಾಗ ಅಂತಾರೆ. ನನಗೇಕೋ ಹಾಗನ್ನಿಸಲ್ಲ. ಮೂವತ್ತು ತುಂಬಿದ ಆಟಗಾರನಿಗೆ ಮುಂದೆ ಎಷ್ಟು ವರ್ಷ ಆಟ ಉಳಿದಿರುತ್ತೆ ಹೇಳಿ? ಡಾಕ್ಟರ್ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ.

ಎಂಬಿಬಿಎಸ್ ಮುಗಿದದ್ದು 1950ರಲ್ಲಿ. ಲೆಕ್ಕ ಹಾಕಿ, ಎಂಟು ವರ್ಷ. ಇವತ್ತಾದರೆ ನೆಂಟರಿಷ್ಟರೆಲ್ಲ ಸೇರಿ ಹುಡುಗ ಕೆಟ್ಟ ಅಂತ ತೀರ್ಮಾನ ಮಾಡಿಬಿಡುತ್ತಿದ್ದರು, ಅಲ್ವಾ?

ಆಮೇಲೆ ಅಸ್ಸಾಮಿನ ದಿಬ್ರುಗಢದಲ್ಲಿ ಕೆಲಸ ಮಾಡಿ, 1953ರಲ್ಲಿ ಕೊಹಿಮಾಗೆ ಸರ್ಕಾರಿ ಡಾಕ್ಟರ್ ಆಗಿ ಹೋದರು. ಮುಂದೆ ನಾಗಾಲ್ಯಾಂಡ್ ರಾಜ್ಯವಾಯಿತು, ಅದರ ಆರೋಗ್ಯ ಇಲಾಖೆಯ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. ಅಪ್ಪನಿಗೆ ಕೊಟ್ಟ ಮಾತಿನ ಮೇಲೆ ಇಪ್ಪತ್ತೈದು ವರ್ಷ ತಮ್ಮವರ ಮಧ್ಯೆಯೇ ದುಡಿದರು.

ಮೊನ್ನೆ ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆ. ಅವನು ಆರ್ಸೆನಲ್ ಬಗ್ಗೆ ಕೇಳಲೇ ಇಲ್ಲ. "ಆಂಟಿ, ನಿಜವಾಗ್ಲೂ ಎಂಟು ವರ್ಷ ತಗೊಂಡ್ರಾ?" ಅಂತ ಎರಡು ಸಲ ಕೇಳಿದ. ಹಿಂದೆ ನಿಂತಿದ್ದ ಅವರಮ್ಮನೂ ಕೇಳಿಸಿಕೊಂಡರು.