ಹಳೇ ಕೀಬೋರ್ಡಿಗೆ ಸಸ್ಟೇನ್ ಪೆಡಲ್: ಮೊದ್ಲು ಚುಚ್ಚಿ, ಆಮೇಲೆ ಆನ್ ಮಾಡಿ

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದೆ ತಾನೆ? ಸರಿ, ಶುರು ಮಾಡ್ತೀನಿ.

ಸಸ್ಟೇನ್ ಪೆಡಲ್ ಅಂದ್ರೆ ತುಳಿದು ಹಿಡಿದ್ರೆ ಕೀ ಬಿಟ್ಮೇಲೂ ಸ್ವರ ಎಳೀತಾ ಇರೋ ಹಾಗೆ ಮಾಡೋ ಕಾಲ್ಪೆಡಲ್. ನಾನು ಮೊದಲ್ನೇ ಸಲ ಅದನ್ನ ತಂದಾಗ ಆಗಿದ್ದು ಹೇಳ್ತೀನಿ. ಕೀಬೋರ್ಡ್ ಆನ್ ಇತ್ತು, ಹಾಗೇ ಪಿನ್ ಚುಚ್ದೆ, ನುಡಿಸೋಕೆ ಶುರು ಮಾಡಿದ್ರೆ ಪೂರ್ತಿ ಉಲ್ಟಾ. ಕಾಲು ತೆಗೆದ್ರೆ ಸ್ವರ ಎಳೀತಾನೇ ಇರುತ್ತೆ, ತುಳಿದ್ರೆ ಟಪ್ ಅಂತ ನಿಲ್ಲುತ್ತೆ. ಪೆಡಲ್ ಡಬ್ಬಾ ಅಂದ್ಕೊಂಡು ಬೈಕೊಂಡು ವಾಪಸ್ ಪ್ಯಾಕ್ ಮಾಡ್ಬಿಟ್ಟಿದ್ದೆ. ಡಬ್ಬಾ ಆಗಿದ್ದು ಪೆಡಲ್ ಅಲ್ಲ, ನಾನು.

ಪಿಯಾನೋದಲ್ಲಿ ತಂತಿ ಮೇಲೆ ಫೆಲ್ಟಿನ ಡ್ಯಾಂಪರ್, ಅಂದ್ರೆ ಮಿಡಿತ ತಡೆಯೋ ಮೆತ್ತೆ ಕೂತಿರುತ್ತೆ, ಬಲಗಡೆ ಪೆಡಲ್ ತುಳಿದ್ರೆ ಅವೆಲ್ಲ ಒಟ್ಟಿಗೆ ಮೇಲೇಳುತ್ವೆ, ತಂತಿ ತನ್ನ ಪಾಡಿಗೆ ಮಿಡೀತಾ ಇರುತ್ತೆ. ಕೀಬೋರ್ಡಲ್ಲಿ ತಂತಿ ಎಲ್ಲಿಂದ ಬರಬೇಕು? ಇಲ್ಲಿ ಪೆಡಲ್ ಅಂದ್ರೆ ಬರೀ ಒಂದು ಸ್ವಿಚ್ಚು. ಎರಡು ವೈರು, ಒಂದು ಸ್ಪ್ರಿಂಗು, ಅಷ್ಟೇ. ಕಾಲಿಂಗ್ ಬೆಲ್ ಬಟನ್ನಿಗೂ ಇದಕ್ಕೂ ಅಂಥ ವ್ಯತ್ಯಾಸ ಏನಿಲ್ಲ.

ಆದ್ರೆ ಸ್ವಿಚ್ಚಲ್ಲಿ ಎರಡು ಜಾತಿ. ಒಂದು, ತುಳಿದಾಗ ವೈರು ಕೂಡ್ಕೊಳ್ಳೋದು, ಕ್ಯಾಸಿಯೋದ ಎಸ್‌ಪಿ-3 ಈ ಥರದ್ದು. ಇನ್ನೊಂದು, ಸುಮ್ನೆ ಇದ್ದಾಗ್ಲೇ ಕೂಡಿದ್ದು ತುಳಿದಾಗ ಬಿಟ್ಕೊಳ್ಳೋದು, ಯಮಹಾದ ಎಫ್‌ಸಿ5 ಹಾಗೆ. ಇದನ್ನೇ ಪೊಲ್ಯಾರಿಟಿ ಅಂತಾರೆ. ಒಂದು ಕಂಪನಿ ಪೆಡಲ್ ಇನ್ನೊಂದು ಕಂಪನಿ ಕೀಬೋರ್ಡಿಗೆ ಹಾಕಿದಾಗ ಉಲ್ಟಾ ಹೊಡೆಯೋದು ಇದರಿಂದ್ಲೇ.

ಇಲ್ಲೇ ಮಜಾ ಇರೋದು. ಸುಮಾರು ಕೀಬೋರ್ಡುಗಳು ಆನ್ ಆಗೋ ಕ್ಷಣದಲ್ಲಿ ಪೆಡಲ್ ಯಾವ ಸ್ಥಿತೀಲಿದೆ ಅಂತ ಒಂದ್ಸಲ ನೋಡ್ಕೊಳ್ತವೆ, ಈಗ ಹೇಗಿದ್ಯೋ ಅದೇ "ತುಳಿದಿಲ್ಲ" ಅಂತ ಲೆಕ್ಕ ಹಾಕ್ಕೊಂಡು ಆಮೇಲೆ ಅದಕ್ಕೇ ಅಂಟ್ಕೊಂಡಿರ್ತವೆ. ಅದಕ್ಕೇ ಮೊದ್ಲು ಕೀಬೋರ್ಡ್ ಆಫ್ ಮಾಡಿ, ಪಿನ್ನನ್ನ ಟಕ್ ಅನ್ನೋವರೆಗೂ ಒಳಗೆ ತಳ್ಳಿ, ಕಾಲು ಪೂರ್ತಿ ತೆಗೀರಿ, ಆಮೇಲೆ ಆನ್. ಇದಿಷ್ಟಕ್ಕೇ ನನ್ನ ಪೆಡಲ್ ಸರಿಹೋಯ್ತು. ಹೀಗೂ ಉಲ್ಟಾನೇ ಇದ್ರೆ ನಿಮ್ಮ ಕೀಬೋರ್ಡ್ ಹಾಗೆ ನೋಡ್ಕೊಳ್ಳೋ ಜಾತಿ ಅಲ್ಲ ಅಂತರ್ಥ, ಆಗ ತಳದಲ್ಲಿ ಪೊಲ್ಯಾರಿಟಿ ಸ್ವಿಚ್ ಇರೋ ಪೆಡಲ್ ತಗೊಳ್ಳಿ, ಅದನ್ನ ಆಚೆ ಕಡೆ ಜರುಗಿಸಿದ್ರೆ ಆಯ್ತು.

ಪಿನ್ನಿನ ಸೈಜು 6.35 ಮಿ.ಮೀ., ಅದೇ ದೊಡ್ಡ ಹೆಡ್‌ಫೋನ್ ಪಿನ್ನಿನ ಸೈಜು. ಹಾಗಾಗಿ ಹಿಂದ್ಗಡೆ ಕೈ ಹಾಕಿ ತಡಕಾಡ್ತಾ ಫೋನ್ಸ್ ತೂತಿಗೇ ಚುಚ್ಚಿಬಿಡ್ತಾರೆ, ಸ್ಪೀಕರ್ ಕಟ್ ಆಗುತ್ತೆ, ಪೆಡಲ್ ಹಾಕಿದ್ಮೇಲೆ ಸೌಂಡೇ ಬರ್ತಿಲ್ಲ ಅಂತ ಗಾಬರಿ. ಬಗ್ಗಿ ಹೆಸರು ಓದಿ ಚುಚ್ಚಿ ಮಾರಾಯ್ರೇ. ಕೆಲವು ಮಾಡೆಲಲ್ಲಿ ಪೆಡಲ್ ಚುಚ್ಚೋ ತೂತಿಗೆ, ಅಂದ್ರೆ ಜ್ಯಾಕಿಗೆ, ರಿದಮ್ ಸ್ಟಾರ್ಟ್-ಸ್ಟಾಪ್ ಕೆಲಸಾನೂ ಕೊಡಬಹುದು, ತುಳಿದ ತಕ್ಷಣ ಡ್ರಮ್ಸ್ ಶುರುವಾದ್ರೆ ಸೆಟ್ಟಿಂಗ್ ಒಳಗೆ ಹೋಗಿ ಬದಲಾಯಿಸಿ.

ಇನ್ನು ಏನೇ ಮಾಡಿದ್ರೂ ಕೆಲಸ ಮಾಡ್ತಿಲ್ಲ ಅಂದ್ರೆ, ತಪ್ಪು ಪೆಡಲ್ದಾ ಕೀಬೋರ್ಡ್ದಾ ಅಂತ ಮೊದ್ಲು ಬೇರೆ ಮಾಡ್ಕೊಳ್ಳಿ. ಮಲ್ಟಿಮೀಟರನ್ನ ಬೀಪ್ ಮೋಡಿಗೆ (ವೈರು ಕೂಡಿದ್ರೆ ಬೀಪ್ ಅನ್ನುತ್ತೆ) ಹಾಕಿ, ಒಂದು ಕಡ್ಡಿ ಪಿನ್ನಿನ ತುದಿಗೆ, ಇನ್ನೊಂದು ಬುಡಕ್ಕೆ ಹಿಡೀರಿ. ನೋಡಿ, ತುಳಿದೆ, ಬೀಪ್. ಬಿಟ್ಟೆ, ನಿಂತ್ಹೋಯ್ತು. ಹೀಗೆ ಬದಲಾಗ್ತಿದ್ರೆ ಪೆಡಲ್ ಗಟ್ಟಿಯಾಗಿದೆ, ಎರಡೂ ಸಲ ಬೀಪ್ ಅಥವಾ ಎರಡೂ ಸಲ ಮೌನ ಅಂದ್ರೆ ಒಳಗೆ ವೈರ್ ಹೋಗಿದೆ, ಸಾಮಾನ್ಯವಾಗಿ ಪಿನ್ನಿನ ಕುತ್ತಿಗೆ ಹತ್ರ. ಪೆಡಲ್ ಚೆನ್ನಾಗಿದ್ರೆ ಜ್ಯಾಕ್ ನೋಡಿ. ವರ್ಷಗಟ್ಟಲೆ ಖಾಲಿ ಬಿದ್ದಿರೋ ಜ್ಯಾಕಲ್ಲಿ ಕಿಲುಬು ಹಿಡಿದಿರುತ್ತೆ, ಪವರ್ ತೆಗೆದು, ಪಿನ್ನಿಗೆ ಸ್ವಲ್ಪ ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ ಹತ್ತಿಪ್ಪತ್ತು ಸಲ ಒಳಗೆ ಹೊರಗೆ ಆಡಿಸಿ ಒಣಗೋಕೆ ಬಿಟ್ರೆ ಎಷ್ಟೋ ಸಲ ಜೀವ ಬರುತ್ತೆ. ಪಿನ್ ಅಲ್ಲಾಡಿಸಿದಾಗ ಮಾತ್ರ ಕೆಲಸ ಮಾಡುತ್ತೆ ಅಂದ್ರೆ ಒಳಗಿನ ಬೋರ್ಡ್ ಮೇಲೆ ಸಾಲ್ಡರ್ (ಬೆಸುಗೆ) ಬಿಟ್ಟಿರಬಹುದು, ಅದು ರಿಪೇರಿಯವರ ಕೆಲಸ.

ಇನ್ನೊಂದು ಕಂಪ್ಲೇಂಟ್ ಬರುತ್ತೆ: ಪೆಡಲ್ ಒತ್ತಿ ಹಿಡಿದ್ರೆ ಹಳೇ ಸ್ವರಗಳು ಮಧ್ಯದಲ್ಲೇ ಮಾಯ ಆಗ್ತವೆ ಅಂತ. ಅದು ಕೆಟ್ಟಿರೋದಲ್ಲ. ಹಳೇ ಕೀಬೋರ್ಡುಗಳಲ್ಲಿ ಒಂದೇ ಸಲಕ್ಕೆ 16 ಅಥವಾ 32 ಸ್ವರ ಮಾತ್ರ ಬರೋಂಥವು ಬಹಳ, ಪೆಡಲ್ ಹಿಡಿದ್ರೆ ಎಲ್ಲ ಸ್ವರ ಜಮಾ ಆಗ್ತಾ ಹೋಗುತ್ತೆ, ಜಾಗ ತುಂಬಿದ್ಮೇಲೆ ಹೊಸದಕ್ಕೆ ಹಳೇದು ಎದ್ದು ಹೋಗಲೇಬೇಕು. ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಬದಲಾದಾಗೆಲ್ಲ ಕಾಲೆತ್ತಿ ಮತ್ತೆ ತುಳೀರಿ, ಅರ್ಧ ತೊಂದರೆ ಹೋಗುತ್ತೆ. ಆರ್ಗನ್ ಟೋನಲ್ಲಂತೂ ಪೆಡಲ್ ಹಿಡ್ಕೊಂಡು ಕೂರಬೇಡಿ, ಅದು ಪಿಯಾನೋ ಥರ ತಾನಾಗೇ ಕರಗಲ್ಲ, ಎಲ್ಲ ಸೇರಿ ಗಂಜಿ ಆಗುತ್ತೆ.

ಯಾರಾದ್ರೂ ಪೆಡಲ್ ತಂದಿದ್ರೆ ಮುಂದೆ ಬನ್ನಿ, ಮೀಟರ್ ಇಲ್ಲೇ ಇದೆ, ಒಂದೊಂದಾಗಿ ನೋಡೋಣ. ಒಂದ್ನಿಮಿಷ ಇರಿ, ಈ ಕೀಬೋರ್ಡ್ ಆಫ್ ಮಾಡ್ತೀನಿ.