‘ತೊಂದರೆಯಾದರೆ ಫೋನ್ ಮಾಡಿ’ ಎಂದರೆ ಮಾರ್ಗದರ್ಶನವಾಗುವುದಿಲ್ಲ

ನಮಸ್ಕಾರ. ಪದವಿ ಮುಗಿಸಿ, ನೋಂದಣಿ ಮಾಡಿಸಿಕೊಂಡು, ಮೊದಲ ಕೆಲಸಕ್ಕೆ ಸೇರುವ ಪಶುವೈದ್ಯರಿಗೆ ಹಿರಿಯರಿಂದ ಸಿಗಬೇಕಾದ ಮಾರ್ಗದರ್ಶನದ ಬಗ್ಗೆ ಇವತ್ತು ಮಾತನಾಡಬೇಕೆಂದಿದ್ದೇನೆ. ಹೊಸಬರು ಕೆಲಸಕ್ಕೆ ಬಂದ ದಿನ ಅವರಿಗೆ ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ‘ಏನಾದರೂ ತೊಂದರೆಯಾದರೆ ಫೋನ್ ಮಾಡಿ, ಸಂಕೋಚ ಬೇಡ.’ ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಅಷ್ಟು ಹೇಳಿದ ಮಾತ್ರಕ್ಕೆ ತಮ್ಮ ಹೊಣೆ ಮುಗಿಯಿತೆಂದು ಹಿರಿಯರು ಭಾವಿಸಿದರೆ, ಅಲ್ಲಿ ಮಾರ್ಗದರ್ಶನ ಶುರುವೇ ಆಗಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ತೊಂದರೆ ಯಾವ ಗಳಿಗೆಯಲ್ಲಿ ಆರಂಭವಾಯಿತೆಂದು ಗುರುತಿಸುವುದಕ್ಕೇ ಅನುಭವ ಬೇಕು; ಹೊಸಬರಲ್ಲಿ ಇನ್ನೂ ಇಲ್ಲದಿರುವುದು ಅದೇ ಅನುಭವ.

ಹೆಣ್ಣು ನಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ನೋಡಿ. ಹಿರಿಯರಿಗೆ ಅದು ದಿನನಿತ್ಯದ ಕೆಲಸ, ಹೊಸಬರಿಗೆ ಮೊದಲ ತಿಂಗಳಲ್ಲೇ ಕೈಗೆ ಬರುವ ಕೆಲಸ. ನಾಯಿ ಎಳೆಯದಾಗಿ, ತೆಳ್ಳಗಿದ್ದರೆ ಬಹುಪಾಲು ಸಲೀಸಾಗಿಯೇ ನಡೆಯುತ್ತದೆ. ಅದೇ ನಾಯಿ ವಯಸ್ಸಾಗಿದ್ದು, ಮೈ ತುಂಬಿಕೊಂಡಿದ್ದು, ಎದೆಗೂಡು ಆಳವಾಗಿದ್ದರೆ ಅಂಡಾಶಯವನ್ನು ಗಾಯದ ಬಾಯಿಯವರೆಗೆ ಎಳೆದು ತರುವುದೇ ಕಷ್ಟ. ಬಲಭಾಗದ್ದು ಎಡಭಾಗದ್ದಕ್ಕಿಂತ ಇನ್ನೂ ಮುಂದಕ್ಕೆ, ಒಳಕ್ಕೆ ಇರುತ್ತದೆ. ರಕ್ತನಾಳದ ಸುತ್ತ ಕೊಬ್ಬು ದಪ್ಪವಾಗಿರುವುದರಿಂದ ಕಟ್ಟಿದ ಗಂಟು ಬಿಗಿಯಾದಂತೆ ತೋರುತ್ತದೆ, ಬಿಗಿಯಾಗಿರುವುದಿಲ್ಲ. ಕತ್ತರಿಸಿ ಬಿಟ್ಟೊಡನೆ, ಅಂಡಾಶಯವನ್ನು ಹಿಡಿದಿದ್ದ ರಕ್ತನಾಳದ ಆ ತೊಟ್ಟು ಮೂತ್ರಪಿಂಡದ ಕಡೆಗೆ ಸರಿದು ಮರೆಯಾಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಹೊಟ್ಟೆಯ ಆಳದಿಂದ ರಕ್ತ ಮೇಲೇರಿ ಬರುತ್ತದೆ. ಆಗ ಹೊಸಬರು ಮಾಡುವುದೇನು? ಸಣ್ಣ ಗಾಯದೊಳಗೆ ಬೆರಳಿಟ್ಟು, ಕಾಣದ ಜಾಗದಲ್ಲಿ ಕ್ಲ್ಯಾಂಪ್ ಹಾಕಲು ತಡಕಾಡುತ್ತಾರೆ. ಪಕ್ಕದಲ್ಲಿ ಹಿರಿಯರೊಬ್ಬರು ನಿಂತಿದ್ದರೆ ಮೂರು ಮಾತು ಸಾಕಾಗುತ್ತಿತ್ತು: ಗಾಯವನ್ನು ಉದ್ದ ಮಾಡಿ; ಬಲಭಾಗವಾದರೆ ಸಣ್ಣ ಕರುಳಿನ ಮೊದಲ ಭಾಗವಾದ ಡುವೋಡಿನಮ್ಮನ್ನು ಎತ್ತಿ ಹಿಡಿದು ಉಳಿದ ಕರುಳನ್ನೆಲ್ಲ ಅದರ ಪೊರೆಯಿಂದ ಎಡಕ್ಕೆ ತಳ್ಳಿ; ಎಡಭಾಗವಾದರೆ ಇಳಿಯುವ ದೊಡ್ಡ ಕರುಳನ್ನು ಅದೇ ರೀತಿ ಬಲಕ್ಕೆ ಸರಿಸಿ. ತೊಟ್ಟು ಕಣ್ಣೆದುರಿಗೆ ಬರುತ್ತದೆ. ಇದು ಪಠ್ಯಪುಸ್ತಕದಲ್ಲಿ ಇಲ್ಲದ ವಿದ್ಯೆಯಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದವರೇ ರಕ್ತ ಕಂಡ ಕ್ಷಣ ಮರೆಯುತ್ತಾರೆ. ಗ್ಲೌಸು ತೊಟ್ಟ ಕೈಗಳೆರಡೂ ಹೊಟ್ಟೆಯೊಳಗಿರುವ ವೈದ್ಯರು ಫೋನ್ ಮಾಡುವುದಾದರೂ ಹೇಗೆ ಎಂಬುದನ್ನು ದಯವಿಟ್ಟು ಯೋಚಿಸಿ.

ದೊಡ್ಡ ಪ್ರಾಣಿಗಳ ಕೆಲಸದಲ್ಲಿ ಒಂಟಿತನ ಇನ್ನೂ ಹೆಚ್ಚು. ಕರು ಹಾಕಿದ ಮರುದಿನ, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಬರುವ ಹಾಲುಜ್ವರದಿಂದ ನೆಲಕ್ಕೊರಗಿ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು, ಕಿವಿ ತಣ್ಣಗಾಗಿ ಮಲಗಿರುವ ಹಸುವಿಗೆ ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಅನ್ನು ನಿಧಾನವಾಗಿ ರಕ್ತನಾಳಕ್ಕೆ ಕೊಡಬೇಕು, ಅವಸರ ಮಾಡಿದರೆ ಹೃದಯವೇ ನಿಲ್ಲಬಹುದು ಎಂಬುದು ಎಲ್ಲ ಪದವೀಧರರಿಗೂ ಗೊತ್ತು. ಆದರೆ ‘ನಿಧಾನ’ ಎಂದರೆ ಎಷ್ಟು ನಿಧಾನ? ಬಾಟಲಿಯನ್ನು ಯಾವ ಎತ್ತರಕ್ಕೆ ಹಿಡಿಯಬೇಕು? ಬಡಿತ ಯಾವ ರೀತಿ ತಪ್ಪಿದರೆ ಕೂಡಲೇ ನಿಲ್ಲಿಸಬೇಕು, ಸುಧಾರಿಸುತ್ತಿರುವ ಹೃದಯದ ಬಡಿತ ಹೇಗೆ ಕೇಳಿಸುತ್ತದೆ? ಹಿರಿಯರು ತಮ್ಮ ಸ್ಟೆತಸ್ಕೋಪನ್ನು ಕಿರಿಯರ ಕಿವಿಗಿಟ್ಟು, ‘ಈಗ ಕೇಳಿ, ಈಗ ಸ್ವಲ್ಪ ತಡೆಯಿರಿ, ಈಗ ಮತ್ತೆ ಕೇಳಿ’ ಎಂದು ಒಂದು ಹಸುವಿನ ಬಳಿ ಕಾಲು ಗಂಟೆ ಕಳೆದರೆ ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿಬಿಡುತ್ತದೆ. ಮೈ ನಡುಗಿ, ತೇಗು ಬಂದು, ಸಗಣಿ ಹಾಕಿ ಹಸು ಎದ್ದು ನಿಲ್ಲುವುದನ್ನು ಹಿರಿಯರ ಜೊತೆಯಲ್ಲಿ ಒಮ್ಮೆ ಕಂಡವರು ಮುಂದಿನ ಸಲ ಒಬ್ಬರೇ ಹೋದಾಗ ಏನನ್ನು ಕಾಯಬೇಕೆಂದು ತಿಳಿದೇ ಹೋಗುತ್ತಾರೆ.

ಯಾವ ಕೆಲಸವನ್ನು ಯಾವಾಗ ಹೊಸಬರ ಕೈಗೆ ಬಿಡಬೇಕು ಎಂಬ ಪ್ರಶ್ನೆಗೆ ವೈದ್ಯಕೀಯ ಶಿಕ್ಷಣದಲ್ಲಿ ಒಳ್ಳೆಯದೊಂದು ದಾರಿ ಈಗಾಗಲೇ ಇದೆ. ನೆದರ್ಲೆಂಡ್ಸಿನ ವೈದ್ಯಕೀಯ ಶಿಕ್ಷಣ ತಜ್ಞ ಓಲೆ ಟೆನ್ ಕಾಟೆ 2005ರಲ್ಲಿ ಮಂಡಿಸಿದ ಆಲೋಚನೆಯದು. ವೈದ್ಯರು ಒಟ್ಟಾರೆ ಸಮರ್ಥರೋ ಅಲ್ಲವೋ ಎಂದು ಕೇಳುವುದನ್ನು ಬಿಟ್ಟು, ಈ ನಿರ್ದಿಷ್ಟ ಕೆಲಸವನ್ನು ಇವರಿಗೆ ಎಷ್ಟರ ಮಟ್ಟಿಗೆ ವಹಿಸಬಹುದು ಎಂದು ಕೇಳಬೇಕು ಎನ್ನುತ್ತದೆ ಅದು. ಮೊದಲು ನೋಡುವುದು, ಆಮೇಲೆ ಹಿರಿಯರು ಪಕ್ಕದಲ್ಲಿರುವಾಗ ಮಾಡುವುದು, ಆಮೇಲೆ ಹಿರಿಯರು ಕರೆದರೆ ಬರುವಷ್ಟು ಹತ್ತಿರದಲ್ಲಿರುವಾಗ ಮಾಡುವುದು, ಆಮೇಲೆ ಸ್ವತಂತ್ರವಾಗಿ ಮಾಡುವುದು, ಕೊನೆಗೆ ಇನ್ನೊಬ್ಬರಿಗೆ ಕಲಿಸುವುದು. ಒಬ್ಬರೇ ಹೊಸ ವೈದ್ಯರು ಬೆಕ್ಕಿನ ಲಸಿಕೆಯಲ್ಲಿ ನಾಲ್ಕನೆಯ ಹಂತದಲ್ಲಿರಬಹುದು, ಮೂತ್ರ ಕಟ್ಟಿದ ಗಂಡು ಬೆಕ್ಕಿಗೆ ಕ್ಯಾಥಿಟರ್ ಹಾಕುವುದರಲ್ಲಿ ಎರಡನೆಯ ಹಂತದಲ್ಲಿರಬಹುದು, ಸಿಸೇರಿಯನ್ನಿನಲ್ಲಿ ಮೊದಲನೆಯದರಲ್ಲಿಯೇ ಇರಬಹುದು. ಅದರಲ್ಲಿ ಅವಮಾನವೇನೂ ಇಲ್ಲ. ಚಿಕಿತ್ಸಾಲಯವು ಇದನ್ನು ಒಂದು ಹಾಳೆಯ ಮೇಲೆ ಬರೆದಿಟ್ಟು, ಯಾವ ಪ್ರಕರಣಗಳಲ್ಲಿ ಹಿರಿಯರನ್ನು ಕರೆಯಲೇಬೇಕು ಎಂದು ನಿಗದಿಪಡಿಸಿದರೆ ಕರೆಯುವ ಸಂಕೋಚ ತಾನಾಗಿಯೇ ಹೋಗುತ್ತದೆ. ಕರೆಯುವುದು ನಿಯಮವಾದ ಮೇಲೆ ಅದನ್ನು ದೌರ್ಬಲ್ಯವೆಂದು ಯಾರೂ ಎಣಿಸುವುದಿಲ್ಲ.

ಇಷ್ಟೆಲ್ಲಕ್ಕೂ ಸಮಯ ಬೇಕು. ಮಾತು ಬಿಗಡಾಯಿಸುವುದು ಇಲ್ಲಿಯೇ. ಬ್ರಿಟನ್ನಿನ ಪಶುವೈದ್ಯ ವೃತ್ತಿಯ ನಿಯಂತ್ರಣ ಸಂಸ್ಥೆಯಾದ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ 2021ರಲ್ಲಿ ಹೊಸ ಪದವೀಧರರಿಗಾಗಿ ವೆಟ್‌ಜಿಡಿಪಿ ಎಂಬ ಕಾರ್ಯಕ್ರಮವನ್ನು ಜಾರಿಗೆ ತಂದಾಗ, ತರಬೇತಿ ಪಡೆದ ಸಲಹೆಗಾರರೊಬ್ಬರು ಕೆಲಸದ ಸ್ಥಳದಲ್ಲಿಯೇ ಇರಬೇಕು, ವಾರಕ್ಕೆ ಒಂದು ಗಂಟೆಯಷ್ಟಾದರೂ ಅವರು ಹೊಸಬರಿಗೆ ಮೀಸಲಿಡಬೇಕು ಎಂದು ಕೇಳಿತು. ಒಂದು ಗಂಟೆ ಹೆಚ್ಚೇನೂ ಅಲ್ಲ. ಅದರಲ್ಲಿ ನನಗೆ ಮುಖ್ಯವಾಗಿ ಕಾಣುವುದು, ಆ ಸಮಯವನ್ನು ಕೆಲಸದ ಭಾಗವೆಂದು ಲೆಕ್ಕಕ್ಕೆ ಹಿಡಿದಿರುವುದು. ಹಿರಿಯರ ಸೌಜನ್ಯದ ಮೇಲೆ, ಅವರ ಊಟದ ವೇಳೆಯ ಮೇಲೆ ನಿಂತ ಮಾರ್ಗದರ್ಶನ ಕೆಲಸದ ಒತ್ತಡ ಬಂದ ಮೊದಲ ವಾರದಲ್ಲಿಯೇ ಕುಸಿದುಬೀಳುತ್ತದೆ. ಆದ್ದರಿಂದ ಚಿಕಿತ್ಸಾಲಯ ನಡೆಸುವವರು ಹಿರಿಯರ ದಿನಚರಿಯಿಂದಲೇ ಕೆಲವು ಪ್ರಕರಣಗಳನ್ನು ಕಡಿಮೆ ಮಾಡಿ ಆ ಜಾಗವನ್ನು ಖಾಲಿ ಬಿಡಬೇಕು. ಹೊಸಬರಿಗೆ ಮೊದಲ ತಿಂಗಳುಗಳಲ್ಲಿ ಪ್ರತಿ ತಪಾಸಣೆಗೂ ಹೆಚ್ಚು ನಿಮಿಷ ಕೊಡಬೇಕು. ಆದಾಯ ಅಷ್ಟರ ಮಟ್ಟಿಗೆ ಕಡಿಮೆಯಾಗುವುದು ನಿಜ. ಸೇರಿದ ಕೆಲವೇ ತಿಂಗಳಲ್ಲಿ ನೊಂದು ಕೆಲಸ ಬಿಟ್ಟವರ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಿ, ಮತ್ತೆ ಮೊದಲಿನಿಂದ ಕಲಿಸುವ ಖರ್ಚನ್ನೂ ಅವರು ಲೆಕ್ಕ ಹಾಕಲಿ.

ಮಾರ್ಗದರ್ಶನವೆಂದರೆ ಕೈಚಳಕ ಕಲಿಸುವುದಷ್ಟೇ ಎಂದು ತಿಳಿದವರಿದ್ದಾರೆ. ನನ್ನ ಮಟ್ಟಿಗೆ ಹೊಸಬರು ಹೆಚ್ಚು ಏಕಾಂಗಿಯಾಗುವುದು ತಪಾಸಣೆಯ ಕೊಠಡಿಯಲ್ಲಿ. ಪ್ರಾಣಿಯ ಯಜಮಾನರು ಒಳಗೆ ಬಂದು, ಎಳೆಯ ಮುಖ ನೋಡಿ, ‘ದೊಡ್ಡ ಡಾಕ್ಟರ್ ಇಲ್ಲವೇ?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ದೊಡ್ಡ ಡಾಕ್ಟರೇ. ಅವರು ಬಾಗಿಲ ಬಳಿ ಬಂದು, ‘ಇವರು ನಮ್ಮ ಡಾಕ್ಟರ್, ಇವರೇ ನೋಡುತ್ತಾರೆ, ಅಗತ್ಯವಿದ್ದರೆ ನಾವಿಬ್ಬರೂ ಸೇರಿ ನಿರ್ಧರಿಸುತ್ತೇವೆ’ ಎಂದು ಹೇಳಿ ಹೋದರೆ ಕೊಠಡಿಯ ವಾತಾವರಣವೇ ಬದಲಾಗುತ್ತದೆ. ಅದರ ಬದಲು ಅರ್ಧದಲ್ಲಿ ಒಳನುಗ್ಗಿ, ಯಜಮಾನರೆದುರೇ ಔಷಧಿ ಚೀಟಿಯನ್ನು ತಿದ್ದಿದರೆ, ಆ ಹೊಸ ವೈದ್ಯರ ಮಾತನ್ನು ಆ ಮನೆಯವರು ಮತ್ತೆ ನಂಬುವುದಿಲ್ಲ. ತಿದ್ದಬೇಕಾದ್ದನ್ನು ಹೊರಗೆ ಕರೆದು ತಿದ್ದಬೇಕು, ಬದಲಾವಣೆಯನ್ನು ಯಜಮಾನರಿಗೆ ತಿಳಿಸುವ ಅವಕಾಶವನ್ನು ಕಿರಿಯರಿಗೇ ಬಿಡಬೇಕು.

ಚಿಕಿತ್ಸೆಯ ಖರ್ಚಿನ ಮಾತೂ ಹಾಗೆಯೇ. ಇರುವ ದಾರಿಗಳನ್ನೆಲ್ಲ ಯಜಮಾನರ ಮುಂದಿಟ್ಟು, ದುಬಾರಿ ಪರೀಕ್ಷೆ ಬೇಡವೆಂದವರನ್ನು ತಪ್ಪಿತಸ್ಥರಂತೆ ಕಾಣದೆ, ಅವರ ಕೈಲಾಗುವಷ್ಟರಲ್ಲಿ ಪ್ರಾಣಿಗೆ ಆಗಬಹುದಾದ ಒಳಿತನ್ನು ಯೋಚಿಸುವುದು ಕೇಳಿ ಕಲಿಯಬೇಕಾದ ವಿದ್ಯೆ. ದಯಾಮರಣವೂ ಅಷ್ಟೇ. ಔಷಧದ ಪ್ರಮಾಣ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ಕೊನೆಯ ಉಸಿರಿನ ನಂತರವೂ ಒಮ್ಮೊಮ್ಮೆ ಎದೆ ಏರಬಹುದು, ಕಣ್ಣು ಮುಚ್ಚುವುದಿಲ್ಲ ಎಂಬುದನ್ನು ಮೊದಲೇ ಮೆಲ್ಲಗೆ ತಿಳಿಸಬೇಕು. ಆಮೇಲೆ ಏನೂ ಮಾತನಾಡದೆ ಯಜಮಾನರಿಗೆ ಸಮಯ ಕೊಡಬೇಕು. ಹಿರಿಯರು ಮಾಡುವುದನ್ನು ಕಂಡೇ ಇದನ್ನು ಕಲಿಯಲು ಸಾಧ್ಯ. ಅದು ಮುಗಿದ ಐದೇ ನಿಮಿಷಕ್ಕೆ ಮುಂದಿನ ಕೊಠಡಿಯಲ್ಲಿ ನಾಯಿಮರಿಯೊಂದನ್ನು ಹಿಡಿದು ಸಂತೋಷದಿಂದ ಕಾದಿರುವ ಮಕ್ಕಳ ಮುಂದೆ ಹೋಗಿ ನಿಲ್ಲುವುದು ಎಷ್ಟು ಭಾರವೆಂಬುದು ಹಿರಿಯರಿಗೆ ಅಭ್ಯಾಸಬಲದಿಂದ ಮರೆತುಹೋಗಿರುತ್ತದೆ.

ಈ ಭಾರವನ್ನು ಹಗುರವಾಗಿ ಕಾಣುವಂತಿಲ್ಲ. ಅಮೆರಿಕದಲ್ಲಿ 1979ರಿಂದ 2015ರವರೆಗೆ ಸಂಭವಿಸಿದ ಪಶುವೈದ್ಯರ ಸಾವುಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು, ಆತ್ಮಹತ್ಯೆಯಿಂದಾದ ಸಾವಿನ ಪ್ರಮಾಣ ಸಾಮಾನ್ಯ ಜನರಿಗೆ ಹೋಲಿಸಿದರೆ ಮಹಿಳಾ ಪಶುವೈದ್ಯರಲ್ಲಿ ಸುಮಾರು 3.5 ಪಟ್ಟು, ಪುರುಷರಲ್ಲಿ ಸುಮಾರು 2.1 ಪಟ್ಟು ಹೆಚ್ಚು ಎಂದು ತೋರಿಸಿತು. ಇದಕ್ಕೆ ಕಾರಣಗಳು ಹಲವು, ಒಳ್ಳೆಯ ಮಾರ್ಗದರ್ಶನವೊಂದೇ ಇದನ್ನೆಲ್ಲ ನಿವಾರಿಸೀತೆಂದು ನಾನು ಹೇಳುತ್ತಿಲ್ಲ. ಆದರೆ ಕೈಯಲ್ಲಿ ಪ್ರಾಣಿಯೊಂದು ಸತ್ತ ದಿನ ಸಂಜೆ ಹೊಸ ವೈದ್ಯರು ಯಾರೊಡನೆಯೂ ಮಾತನಾಡದೆ ಮನೆಗೆ ಹೋಗುವಂತಾಗಬಾರದು ಎಂಬುದನ್ನು ಪ್ರತಿ ಚಿಕಿತ್ಸಾಲಯವೂ ಖಾತ್ರಿಪಡಿಸಬಲ್ಲದು. ಆ ಸಂಜೆ ಹಿರಿಯರು ಪ್ರಕರಣವನ್ನು ಹಂತಹಂತವಾಗಿ ಜೊತೆಯಲ್ಲಿ ಕುಳಿತು ನೋಡಬೇಕು. ಆಗಲೇ ತಿಳಿಯಬಹುದಾಗಿದ್ದ ಅಂಶ ಯಾವುದು, ಈಗ ಹಿಂತಿರುಗಿ ನೋಡಿದಾಗ ಮಾತ್ರ ಕಾಣುವ ಅಂಶ ಯಾವುದು ಎಂದು ಬೇರ್ಪಡಿಸಿ ಹೇಳಬೇಕು. ‘ಇದೆಲ್ಲ ಆಗುತ್ತಿರುತ್ತದೆ ಬಿಡಿ’ ಎಂದರೆ ಸಮಾಧಾನವಾಗುವುದಿಲ್ಲ. ತಪ್ಪಾಗಿದ್ದರೆ ತಪ್ಪೆಂದೇ ಹೇಳಿ, ಯಜಮಾನರಿಗೆ ಅದನ್ನು ತಿಳಿಸುವಾಗ ಜೊತೆಗೆ ನಿಲ್ಲುವುದು ಹಿರಿಯರಿಗೆ ಭೂಷಣ.

‘ನಾವೆಲ್ಲ ನೀರಿಗೆ ಬಿದ್ದೇ ಈಜು ಕಲಿತವರು’ ಎಂದು ಕೆಲವು ಹಿರಿಯರು ಹೇಳುತ್ತಾರೆ. ಅವರ ಕಷ್ಟದ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಹಾಗೆ ಕಲಿಯುವಾಗ ಮುಳುಗಿದ್ದು ಬಹಳ ಸಲ ಬಾಯಿಲ್ಲದ ಪ್ರಾಣಿಗಳು. ವೃತ್ತಿಯನ್ನೇ ತೊರೆದು ಹೋದ ಸಹಪಾಠಿಗಳು ಈಗ ನಮ್ಮೆದುರು ಕುಳಿತು ಮಾತನಾಡುತ್ತಿಲ್ಲ, ಉಳಿದವರ ಮಾತಷ್ಟೇ ನಮಗೆ ಕೇಳಿಸುತ್ತದೆ. ಇದರ ಇನ್ನೊಂದು ತುದಿಯೂ ಇದೆ: ಪ್ರತಿ ಗಂಟಿಗೂ ಕೈ ಹಾಕಿ, ವರ್ಷ ಕಳೆದರೂ ಶಸ್ತ್ರವನ್ನು ಕಿರಿಯರ ಕೈಗೆ ಕೊಡದ ಹಿರಿಯರು. ಅಲ್ಲಿ ಹೊಸಬರು ಸುರಕ್ಷಿತವಾಗಿರುತ್ತಾರೆ, ವೈದ್ಯರಾಗುವುದಿಲ್ಲ. ಇನ್ನೊಂದು ಮಾತು, ಸಂಬಳ ಕೊಡುವವರೇ ಮಾರ್ಗದರ್ಶಕರೂ ಆಗಿದ್ದರೆ ಮನಸ್ಸು ಬಿಚ್ಚಿ ಮಾತನಾಡುವುದು ಕಿರಿಯರಿಗೆ ಕಷ್ಟ. ಸಾಧ್ಯವಿರುವಲ್ಲೆಲ್ಲ ಈ ಎರಡು ಹೊಣೆಗಳು ಬೇರೆ ಬೇರೆಯವರ ಮೇಲಿರಲಿ. ಒಬ್ಬರೇ ನಡೆಸುವ ಚಿಕಿತ್ಸಾಲಯವಾದರೆ, ಹೊರಗಿನ ಹಿರಿಯರೊಬ್ಬರನ್ನು ಇದಕ್ಕಾಗಿ ಗೊತ್ತು ಮಾಡಬಹುದು.

ಕೊನೆಯದಾಗಿ, ಮೊದಲ ಕೆಲಸ ಹುಡುಕುತ್ತಿರುವವರಿಗೆ ನನ್ನ ಕಳಕಳಿಯ ಮಾತು. ಸಂದರ್ಶನದಲ್ಲಿ ಸಂಬಳ, ರಜೆಗಳನ್ನು ಕೇಳಿದಷ್ಟೇ ಧೈರ್ಯವಾಗಿ ಇವನ್ನೂ ಕೇಳಿ. ನನ್ನ ಮೊದಲ ಶಸ್ತ್ರಚಿಕಿತ್ಸೆಗಳ ವೇಳೆ ಹಿರಿಯರು ಎಲ್ಲಿರುತ್ತಾರೆ? ರಾತ್ರಿ ಪಾಳಿಯಲ್ಲಿ ನಾನೊಬ್ಬನೇ ಅಥವಾ ನಾನೊಬ್ಬಳೇ ಇರಬೇಕಾಗುವುದು ಯಾವಾಗಿನಿಂದ, ಆಗ ಕರೆದರೆ ಯಾರು, ಎಷ್ಟು ಹೊತ್ತಿನಲ್ಲಿ ಬರುತ್ತಾರೆ? ಹಿಂದಿನ ಹೊಸಬರು ಎಷ್ಟು ಕಾಲ ಇದ್ದರು, ಅವರೊಡನೆ ನಾನು ಮಾತನಾಡಬಹುದೇ? ರಾತ್ರಿ ಬರುವವರು ಯಾರೆಂಬ ಪ್ರಶ್ನೆಗೆ ಹೆಸರು ಹೇಳದೆ, ‘ಯಾರಾದರೂ ಇದ್ದೇ ಇರುತ್ತಾರೆ’ ಎಂಬ ಉತ್ತರ ಬಂದರೆ, ಸಂಬಳ ಸ್ವಲ್ಪ ಕಡಿಮೆಯಾದರೂ ಸರಿ, ಹೆಸರು ಹೇಳುವ ಜಾಗವನ್ನೇ ಆರಿಸಿಕೊಳ್ಳಿ.