108 ಬರುವವರೆಗೆ

ನಮಸ್ಕಾರ ರೀ. ನಾನೀಗ ಬಾಗಲಕೋಟೆಯ ನವನಗರದಲ್ಲಿದ್ದೇನೆ. ನೆಲದ ಮೇಲೆ ಮಲಗಿಸಿರುವುದು ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವುದನ್ನು ಕಲಿಸುವ ಗೊಂಬೆ. ಸುತ್ತ ನೋಡಿ, ಟಂಟಂ ಓಡಿಸುವವರಿದ್ದಾರೆ, ಅಂಗನವಾಡಿ ಅಕ್ಕಂದಿರಿದ್ದಾರೆ, ಕಾಲೇಜು ಹುಡುಗರಿದ್ದಾರೆ. ಇಂಥ ತರಬೇತಿ ಊರೂರಲ್ಲಿ ನಡೆಯಬೇಕು.

ಹೃದಯ ನಿಂತರೆ ನಾಲ್ಕೈದು ನಿಮಿಷದಲ್ಲೇ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಬೀಳಗಿ ಕಡೆಯ ಕಬ್ಬಿನ ಹೊಲಕ್ಕೆ ಅಷ್ಟರಲ್ಲಿ ಆಂಬುಲೆನ್ಸ್ ಬರುವುದು ಕಷ್ಟ, ಅಲ್ವಾ? ಪಕ್ಕದಲ್ಲಿ ಇದ್ದವರೇ ಜೀವ ಹಿಡಿದಿಡಬೇಕು.

ಮೊದಲು ಭುಜ ತಟ್ಟಿ ಜೋರಾಗಿ ಕೂಗಿ, "ಕಾಕಾ, ಏನಾತ್ರೀ?" ಉತ್ತರ ಇಲ್ಲದಿದ್ದರೆ ಎದೆ ಏರಿಳಿಯುತ್ತಿದೆಯಾ ನೋಡಿ. ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ. ಕೆಲವರು ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರಕೆಯಂಥ ಸದ್ದು ಮಾಡುತ್ತಾರೆ. "ಉಸಿರು ಐತಿ, ಬಿಡ್ರಿ" ಅಂತ ಜನ ಸುಮ್ನೆ ನಿಂತುಬಿಡುತ್ತಾರೆ. ದಯವಿಟ್ಟು ಹಾಗೆ ನಿಲ್ಲಬೇಡಿ! ಅದು ಸರಿಯಾದ ಉಸಿರಾಟ ಅಲ್ಲ. ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೆ ಏದುಸಿರು ಬರಬಹುದು. ಒಬ್ಬರಿಗೆ 108ಕ್ಕೆ ಫೋನ್ ಹಚ್ಚಲು ಹೇಳಿ, ನೀವು ಒತ್ತಲು ಕೂರಿ.

ಅಂಗೈಯ ಬುಡವನ್ನು ಎದೆಯ ನಡುವಿನ ಎಲುಬಿನ ಕೆಳ ಅರ್ಧಕ್ಕೆ ಇಡಿ. ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬಾರದು. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಿ. ಹೃದಯಕ್ಕೆ ರಕ್ತ ತುಂಬುವುದು ಆಗಲೇ. ಗಟ್ಟಿಮುಟ್ಟಾದ ಹುಡುಗರೂ ಬೇಗ ದಣಿಯುತ್ತಾರೆ, ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ. ಪಕ್ಕೆಲುಬು ಮುರಿದೀತು ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಮುರಿಯಲೂಬಹುದು. ಎಲುಬು ಮುಂದೆ ಕೂಡಿಕೊಳ್ಳುತ್ತದೆ, ನೀವು ನಿಲ್ಲಿಸಬೇಡಿ.

ನಮ್ಮ ಸುತ್ತ ಆಲಮಟ್ಟಿಯ ಹಿನ್ನೀರು ಇರುವುದರಿಂದ ಇನ್ನೊಂದು ಮಾತು. ಮುಳುಗಿದವರ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಹಿಡಿಯುವುದು ಬೇಡವೇ ಬೇಡ. ಅವರಿಗೆ ತುರ್ತಾಗಿ ಬೇಕಾಗಿರುವುದು ಗಾಳಿ. ತರಬೇತಿ ಪಡೆದವರು ಮೊದಲು ಬಾಯಿಂದ ಉಸಿರು ಕೊಟ್ಟು, ಆಮೇಲೆ 30 ಸಲ ಒತ್ತಿ 2 ಸಲ ಉಸಿರು, ಹೀಗೆ ಮುಂದುವರಿಸುತ್ತಾರೆ. ಉಸಿರು ಕೊಡಲು ಬಾರದಿದ್ದರೆ ಒತ್ತುವುದನ್ನಾದರೂ ಮಾಡಿ.

ಇಲ್ಲಿ ಒಬ್ಬ ಅಕ್ಕ ಬಹಳ ಒಳ್ಳೆ ಪ್ರಶ್ನೆ ಕೇಳಿದರು. ಹೆಣ್ಣುಮಗಳು ಬಿದ್ದರೆ ಗಂಡಸರು ಮುಟ್ಟಲು ಹಿಂಜರಿಯುತ್ತಾರಲ್ಲ, ಏನು ಮಾಡುವುದು? ಅಣ್ಣಂದಿರೇ, ಬಟ್ಟೆಯ ಮೇಲಿಂದಲೇ ಒತ್ತಬಹುದು. ಸೆರಗು ಸರಿಸಬೇಕಾಗಿಲ್ಲ. ಸುತ್ತ ನಿಂತ ಹೆಂಗಸರನ್ನು ಹತ್ತಿರ ಕರೆಯಿರಿ, ಆದರೆ ಅವರು ಬರಲಿ ಅಂತ ಕಾಯದೆ ಶುರು ಮಾಡಿ.